ನಲವತ್ತು–ಅರವತ್ತರ ಸೈಟಿಗೆ ಇಕೋ ನಿವಾಸ್ ಸಂಹಿತಾ: ನಾನು ಹಿಡಿದ ದಾರಿ

ಮೈಸೂರಿನಲ್ಲಿ ಮನೆ ಕಟ್ಟುವವರಿಗೆ ಪ್ಲಾನ್ ಹಾಕಿಕೊಡುವುದು ನನ್ನ ಕೆಲಸ. ಸೆಟ್‌ಬ್ಯಾಕ್ ಎಷ್ಟು ಬಿಡಬೇಕು, ಸಂಪು ಎಲ್ಲಿ, ಸೋಲಾರ್ ವಾಟರ್ ಹೀಟರ್ ಎಲ್ಲಿ ಕೂರಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಬೇಸಿಗೆಯಲ್ಲಿ ಮನೆ ಎಷ್ಟು ಬಿಸಿಯಾಗುತ್ತದೆ ಅಂತ ಕೇಳುವವರು ಬಹಳ ಕಡಿಮೆ. ಆ ಪ್ರಶ್ನೆ ಬರುವುದು ಗೃಹಪ್ರವೇಶ ಮುಗಿದು ಮೊದಲ ಏಪ್ರಿಲ್ ಬಂದಾಗ. ಅಷ್ಟು ಹೊತ್ತಿಗೆ ಗೋಡೆ ಎದ್ದಿರುತ್ತದೆ, ಮೋಲ್ಡ್ ಬಿದ್ದಿರುತ್ತದೆ. ಎಸಿ ತರುವುದೊಂದೇ ಉಳಿದಿರುತ್ತದೆ. ದತ್ತಗಳ್ಳಿ ಕಡೆ ನಮ್ಮದೇ ಮನೆ ಕಟ್ಟುವಾಗ ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಇಟ್ಟುಕೊಂಡೆ.

ಮನೆಗಳ ಇಂಧನ ಉಳಿತಾಯಕ್ಕೆ ನಮ್ಮ ದೇಶದಲ್ಲಿ ಇರುವ ನಿಯಮದ ಹೆಸರು ಇಕೋ ನಿವಾಸ್ ಸಂಹಿತಾ. ಫ್ರಿಜ್, ಎಸಿಗಳಿಗೆ ಸ್ಟಾರ್ ಕೊಡುವ ಬಿಇಇ ಸಂಸ್ಥೆಯೇ ಇದನ್ನೂ ರೂಪಿಸಿದ್ದು. ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿ ಬಂತು. ಅದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಸೈಟುಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನಮ್ಮದು 40x60, ಅಂದರೆ 2400 ಚದರಡಿ, ಸುಮಾರು 223 ಚದರ ಮೀಟರ್. ಹಾಗಾಗಿ ಕಾನೂನು ನಮ್ಮ ಬಾಗಿಲಿಗೆ ಬರುವುದಿಲ್ಲ. ಮೈಸೂರು, ಮಂಡ್ಯದಲ್ಲಿ ಏಳುವ ಮನೆಗಳಲ್ಲಿ ಹೆಚ್ಚಿನವು 30x40, 40x60 ಸೈಟಿನವೇ ಅಲ್ವಾ? ಬಿಸಿಲು ಮಾತ್ರ ಸೈಟಿನ ಅಳತೆ ನೋಡಿ ಬೀಳುವುದಿಲ್ಲ. ಯಾರೂ ಕೇಳದಿದ್ದರೂ ಈ ನಿಯಮವನ್ನು ಪೂರ್ತಿ ಪಾಲಿಸಬೇಕು ಅಂತ ನಿರ್ಧರಿಸಿದೆ. ಆದರೆ ಯಾವ ದಾರಿಯಲ್ಲಿ?

ಇದ್ದ ದಾರಿಗಳು ಇವು. ಒಂದು, 2018ರ ಮೊದಲ ಭಾಗ. ಅದು ಗೋಡೆ, ಕಿಟಕಿ, ತಾರಸಿಯ ಲೆಕ್ಕ ಮಾತ್ರ ಕೇಳುತ್ತದೆ. ಇನ್ನೊಂದು, 2021ರಲ್ಲಿ ಬಂದ ಮುಂದಿನ ಭಾಗ. ಅದರಲ್ಲಿ ಲೈಟು, ಪಂಪು, ಲಿಫ್ಟು, ಸೋಲಾರ್ ಎಲ್ಲ ಸೇರುತ್ತದೆ. ಅಲ್ಲಿ ಎರಡು ರೀತಿ ಇವೆ: ಹೇಳಿದ ಪ್ರತಿಯೊಂದನ್ನೂ ಹಾಗೇ ಪಾಲಿಸುವುದು, ಇಲ್ಲವೇ ಅಂಕ ಕೂಡಿಸುವುದು. ಕಡಿಮೆ ಎತ್ತರದ ಕಟ್ಟಡಕ್ಕೆ 47 ಅಂಕ ಬೇಕು. ಇವೆರಡನ್ನು ಬಿಟ್ಟರೆ ಸರ್ಟಿಫಿಕೇಟ್ ದಾರಿಗಳು. ಬಿಇಇಯದೇ ಮನೆ ಸ್ಟಾರ್ ಲೇಬಲ್, ಹಸಿರು ಕಟ್ಟಡಗಳಿಗೆ ಮಾನ್ಯತೆ ಕೊಡುವ ಐಜಿಬಿಸಿಯ ಗ್ರೀನ್ ಹೋಮ್ಸ್, ಸಣ್ಣ ಕಟ್ಟಡಗಳಿಗೆ ಅಂಥದ್ದೇ ಇನ್ನೊಂದು ಸಂಸ್ಥೆ ಗ್ರಿಹಾದವರ ಸ್ವಗ್ರಿಹಾ, ಮತ್ತೆ ವಿಶ್ವಬ್ಯಾಂಕ್ ಬಳಗದ ಐಎಫ್‌ಸಿಯ ಎಡ್ಜ್. ಎಡ್ಜ್‌ನಲ್ಲಿ ಕರೆಂಟು, ನೀರು, ಸಾಮಗ್ರಿ ಮೂರರಲ್ಲೂ ಕನಿಷ್ಠ ಶೇ. 20 ಉಳಿತಾಯ ತೋರಿಸಬೇಕು.

ಸರ್ಟಿಫಿಕೇಟ್‌ಗಳನ್ನು ಬೇಗ ಪಕ್ಕಕ್ಕಿಟ್ಟೆ. ಅವು ಒಳ್ಳೆಯವೇ. ಅಪಾರ್ಟ್‌ಮೆಂಟ್ ಕಟ್ಟಿ ಮಾರುವವರಿಗೆ, ಕೊಳ್ಳುವವರಿಗೆ ಸಾಕ್ಷಿ ತೋರಿಸಬೇಕಾದವರಿಗೆ ಬೇಕೇ ಬೇಕು. ನಾವು ವಾಸಕ್ಕೆ ಕಟ್ಟುವ ಒಂದು ಮನೆಗೆ ಆ ಫೀಸು, ಆ ಕಾಗದಪತ್ರದ ಹಣವನ್ನು ತಾರಸಿಗೆ ಹಾಕುವುದೇ ಮೇಲು ಅನ್ನಿಸಿತು. 47 ಅಂಕದ ದಾರಿಯಲ್ಲಿ ನನಗೆ ಬೇರೆ ತಕರಾರು ಇತ್ತು. ಫ್ಯಾನು, ಲೈಟು, ಪಂಪು ನಾಳೆಯೂ ಬದಲಾಯಿಸಬಹುದು. ಕಟ್ಟಿದ ಗೋಡೆಯನ್ನು ಬದಲಾಯಿಸಲು ಆಗುವುದಿಲ್ಲ. ಬದಲಾಯಿಸಲಾಗದ್ದನ್ನೇ ಮೊದಲು ಸರಿ ಮಾಡಿಕೊಳ್ಳೋಣ ಅಂತ 2018ರ ಮೊದಲ ಭಾಗವನ್ನೇ ಆರಿಸಿಕೊಂಡೆ. ಅದರ ಲೆಕ್ಕಕ್ಕೆ ಬಿಇಇ ಉಚಿತ ಟೂಲ್ ಕೊಟ್ಟಿದೆ. ನಾನು ಎಕ್ಸೆಲ್‌ನಲ್ಲಿ ಕೈಯಾರೆ ಮಾಡಿದೆ. ಕೈಯಾರೆ ಮಾಡಿದರೆ ಯಾವ ಅಂಕಿ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಇಲ್ಲಿ ಇನ್ನೊಂದು ಆಯ್ಕೆ ಇತ್ತು, ಹವಾಮಾನದ್ದು. ಸಂಹಿತೆ ದೇಶವನ್ನು ಐದು ಹವಾಮಾನ ವಲಯಗಳಾಗಿ ನೋಡುತ್ತದೆ. ಬೆಂಗಳೂರು ಹಿತವಾದ ಹವೆಯ ವಲಯದಲ್ಲಿದೆ. ಮೈಸೂರು ಬೆಂಗಳೂರಿಗಿಂತ ತಗ್ಗಿನಲ್ಲಿದೆ, ಮಂಡ್ಯ ಇನ್ನೂ ತಗ್ಗು. ಬೇಸಿಗೆಯ ಬಿಸಿ ನಮಗೆ ಒಂದು ಕೈ ಜಾಸ್ತಿ. ಅದಕ್ಕೆ ಎರಡು ಲೆಕ್ಕ ಇಟ್ಟುಕೊಂಡೆ. ಒಂದು ಹಿತವಾದ ಹವೆಯದ್ದು, ಇನ್ನೊಂದು ಬಿಸಿ ಮತ್ತು ತೇವದ ಹವೆಯದ್ದು. ಎರಡರಲ್ಲೂ ಪಾಸಾಗುವ ಮನೆ ಬೇಕು ಅಂತ ಹಠ ಹಿಡಿದೆ. ಈ ಭಾಗದಲ್ಲಿ ಕಟ್ಟುವ ಎಲ್ಲರಿಗೂ ಹೀಗೇ ಮಾಡಿ ಅಂತಲೇ ಹೇಳುತ್ತೇನೆ.

ಮೊದಲು ತಾರಸಿ. ಇದರಲ್ಲಿ ಚೌಕಾಶಿ ಇಲ್ಲ. ಗೋಡೆ ಎಷ್ಟೇ ಚೆನ್ನಾಗಿರಲಿ, ತಾರಸಿಯ ಯು ವ್ಯಾಲ್ಯೂ 1.2ಕ್ಕಿಂತ ಹೆಚ್ಚಿರುವಂತಿಲ್ಲ. ಯು ವ್ಯಾಲ್ಯೂ ಅಂದರೆ ಒಂದು ಚದರ ಮೀಟರಿನಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ, ಎಷ್ಟು ವ್ಯಾಟ್ ಬಿಸಿ ದಾಟುತ್ತದೆ ಅನ್ನುವ ಲೆಕ್ಕ. ಕಡಿಮೆ ಇದ್ದಷ್ಟೂ ಒಳ್ಳೆಯದು. ನಾವೆಲ್ಲ ಹಾಕುವ ಐದಿಂಚಿನ ಬರೀ ಮೋಲ್ಡ್‌ಗೆ ಲೆಕ್ಕ ಮಾಡಿದರೆ 3.2ರ ಆಸುಪಾಸು ಬರುತ್ತದೆ. ಅದರ ಮೇಲೆ ನಾಲ್ಕಿಂಚು ಇಟ್ಟಿಗೆ ಚೂರಿನ ಹಾಸು ಹಾಕಿದರೂ 2.3ರವರೆಗೆ ಇಳಿಯುತ್ತದೆ ಅಷ್ಟೇ. ಮೈಸೂರು ಹನ್ನೆರಡೂ ಚಿಲ್ಲರೆ ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ನಾಲ್ಕನೇ ವಾರ ಒಮ್ಮೆ, ಆಗಸ್ಟ್ ಮೂರನೇ ವಾರ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಬೇಸಿಗೆಯ ಅಷ್ಟೂ ಬಿಸಿಲನ್ನು ಹೊರುವುದು ತಾರಸಿಯೇ. ಸಂಹಿತೆ ಇದನ್ನು ಬೇರೆ ಯಾವುದರ ಜೊತೆಗೂ ಹೊಂದಿಸಿಕೊಳ್ಳಲು ಬಿಡದಿರುವುದು ಸರಿಯಾಗಿಯೇ ಇದೆ.

ನಾನು ಆರಿಸಿದ್ದು 25 ಮಿ.ಮೀ. ದಪ್ಪದ, ಬಿಸಿ ತಡೆಯುವ ಗಟ್ಟಿ ಫೋಮಿನ ಎಕ್ಸ್‌ಪಿಎಸ್ ಹಲಗೆ. ಅದನ್ನು ಸೇರಿಸಿದರೆ ಯು ವ್ಯಾಲ್ಯೂ 1ರ ಹತ್ತಿರ ಬರುತ್ತದೆ. ಮೇಸ್ತ್ರಿ ಹಲಗೆ ಕೈಯಲ್ಲಿ ಹಿಡಿದು ನೋಡಿ, "ಸಾರ್, ಥರ್ಮಾಕೋಲ್ ಮೇಲೆ ಕಾಂಕ್ರೀಟ್ ಹಾಕಿದ್ರೆ ಕುಸಿಯಲ್ವಾ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಟಿವಿ ಡಬ್ಬದಲ್ಲಿ ಬರುವ ಬಿಳಿ ಥರ್ಮಾಕೋಲ್ ಕಾಳು ಕಾಳಾಗಿ ಉದುರುತ್ತದೆ, ನೀರು ಕುಡಿಯುತ್ತದೆ. ಎಕ್ಸ್‌ಪಿಎಸ್ ಒಳಗೆ ರಂಧ್ರಗಳು ಮುಚ್ಚಿಕೊಂಡಿರುತ್ತವೆ, ಭಾರ ತಡೆಯುತ್ತದೆ. ಒಂದು ತುಂಡನ್ನು ನೆಲಕ್ಕೆ ಹಾಕಿ ಅವರನ್ನೇ ಅದರ ಮೇಲೆ ನಿಲ್ಲಿಸಿದೆ. ಆಮೇಲೆ ಕೆಲಸ ಸಲೀಸಾಯಿತು.

ಕೆಲಸದ ಕ್ರಮ ಮುಖ್ಯ. ಕ್ಯೂರಿಂಗ್ ಮುಗಿದ ಮೇಲೆ ತಾರಸಿಗೆ ನೀರು ಕಟ್ಟಿ ಸೋರಿಕೆ ನೋಡಿದೆವು. ಆಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ ಹಲಗೆ, ಹಲಗೆಯ ಸಂದುಗಳಿಗೆ ಟೇಪು. ಅದರ ಮೇಲೆ ಕೋಳಿ ಜಾಲರಿ ಹಾಕಿ, ನೀರು ಹರಿಯುವ ಕಡೆಗೆ ಇಳಿಜಾರು ಕೊಟ್ಟು ಕಾಂಕ್ರೀಟು. ಕೊನೆಗೆ ಬಿಳಿ ಟೈಲು. ಈ ಬಿಳಿ ಬಣ್ಣ ಮೊದಲ ಭಾಗದ ಲೆಕ್ಕದಲ್ಲಿ ಸೇರುವುದಿಲ್ಲ. ಆದರೂ ಹಾಕಿ. ಬಿಸಿಲನ್ನು ವಾಪಸ್ ಕಳಿಸುವುದರಲ್ಲಿ ಅದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ಸೋಲಾರ್ ವಾಟರ್ ಹೀಟರ್‌ಗೆ, ಸೋಲಾರ್ ಪ್ಯಾನೆಲ್‌ಗೆ ಬೇಕಾದ ಕಾಂಕ್ರೀಟ್ ಪೀಠಗಳನ್ನು ಹಲಗೆ ಹಾಸುವ ಮೊದಲೇ ಮೋಲ್ಡ್ ಮೇಲೆ ಎಬ್ಬಿಸಿಕೊಂಡೆ. ಇದು ತುಂಬಾ ಜನ ಬಿಟ್ಟುಬಿಡುವ ವಿಷಯ. ಎಲ್ಲ ಮುಗಿದ ಮೇಲೆ ಪ್ಯಾನೆಲ್‌ನವರು ಬಂದು ಡ್ರಿಲ್ ಹೊಡೆದರೆ ಕೆಳಗಿನ ವಾಟರ್‌ಪ್ರೂಫಿಂಗ್ ತೂತಾಗುತ್ತದೆ. ಆ ಸೋರಿಕೆ ಎಲ್ಲಿಂದ ಅಂತ ಹುಡುಕುವುದು ಬಹಳ ಕಷ್ಟ.

ಇನ್ನು ಗೋಡೆ ಮತ್ತು ಕಿಟಕಿ. ಇವೆರಡಕ್ಕೂ ಸೇರಿ ಒಂದೇ ಅಂಕಿ, ಆರ್‌ಇಟಿವಿ. ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಗೋಡೆಯಿಂದ ಬರುವ ಬಿಸಿ, ಗಾಜಿನ ಮೂಲಕ ದಾಟುವ ಬಿಸಿ, ಗಾಜಿನಿಂದ ನೇರವಾಗಿ ಒಳಗೆ ಬೀಳುವ ಬಿಸಿಲು, ಈ ಮೂರನ್ನೂ ಕೂಡಿಸುತ್ತಾರೆ. ಇಲ್ಲಿ ಕೊಟ್ಟು ತೆಗೆದುಕೊಳ್ಳುವುದಕ್ಕೆ ಅವಕಾಶ ಇದೆ. ಕಿಟಕಿ ದೊಡ್ಡದಾದರೆ ಗೋಡೆ ಚೆನ್ನಾಗಿ ಮಾಡಿ, ಗೋಡೆ ಸಾಧಾರಣವಾದರೆ ಕಿಟಕಿಗೆ ನೆರಳು ಕೊಡಿ. ನನಗೆ ಈ ದಾರಿ ಇಷ್ಟವಾಗಿದ್ದೇ ಇದಕ್ಕೆ. ಹಣ ಎಲ್ಲಿ ಹಾಕಿದರೆ ಹೆಚ್ಚು ಲಾಭ ಅಂತ ಅದು ತಾನಾಗಿಯೇ ತೋರಿಸುತ್ತದೆ.

ಸೂತ್ರದಲ್ಲಿ ಪ್ರತಿ ಭಾಗಕ್ಕೂ ಒಂದು ಗುಣಕ ಇದೆ. ಹಿತವಾದ ಹವೆಗೆ ಗೋಡೆಯ ಗುಣಕ 3.38, ಗಾಜಿನಿಂದ ಬೀಳುವ ಬಿಸಿಲಿನದ್ದು 63.69. ದಿಕ್ಕಿಗೂ ಒಂದು ಗುಣಕ: ನಮ್ಮ ದಕ್ಷಿಣದ ಊರುಗಳಿಗೆ ಪಶ್ಚಿಮಕ್ಕೆ 1.156, ಉತ್ತರಕ್ಕೆ 0.659. ಈ ನಾಲ್ಕು ಅಂಕಿ ನೋಡಿದರೆ ಸಾಕು. ಪಶ್ಚಿಮದಲ್ಲಿ ನೆರಳಿಲ್ಲದ ಗಾಜು ಇಡುವುದಕ್ಕಿಂತ ಕೆಟ್ಟ ಆಯ್ಕೆ ಬೇರೆ ಇಲ್ಲ.

ನಮ್ಮ ಹೊರಗೋಡೆಯಲ್ಲಿ ಕಿಟಕಿಗಳ ಪಾಲು ಶೇ. 18ರಷ್ಟು. ಎಂಟಿಂಚಿನ ಸಾಲಿಡ್ ಬ್ಲಾಕ್, ಸಾದಾ ಗಾಜು, ನೆರಳಿಲ್ಲ ಅಂತ ಹಾಕಿದರೆ ಸುಮಾರು 17.5 ಬಂತು. ಫೇಲು. ಗೋಡೆ ಮುಟ್ಟದೆ ಕಿಟಕಿಗಳಿಗೆ ಒಳ್ಳೆ ನೆರಳು ಕೊಟ್ಟರೆ 14.5. ಪಾಸು! ಒಂಬತ್ತಿಂಚಿನ ಇಟ್ಟಿಗೆಗೆ ಬದಲಾಯಿಸಿದರೆ 12ರ ಹತ್ತಿರ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅದೇ ಇಟ್ಟಿಗೆ ಮನೆಯನ್ನು ಬಿಸಿ–ತೇವದ ಲೆಕ್ಕಕ್ಕೆ ಹಾಕಿದಾಗ 16 ದಾಟಿತು. ಅಲ್ಲಿ ಗೋಡೆಯ ಗುಣಕ 5.15. ಆಗ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳನ್ನು ಎಎಸಿ ಬ್ಲಾಕಿಗೆ, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕಿಗೆ, ಬದಲಾಯಿಸಿದೆ. ಎಂಟಿಂಚಿನ ಎಎಸಿ ಗೋಡೆಯ ಯು ವ್ಯಾಲ್ಯೂ 0.8ರ ಸುತ್ತ, ಇಟ್ಟಿಗೆಯದ್ದು 2. ಕಠಿಣವಾದ ಲೆಕ್ಕದಲ್ಲೂ 14ರ ಒಳಗೆ ಬಂತು. ಪಿಲ್ಲರ್ ಮನೆಯಾದ್ದರಿಂದ ಎರಡು ಬಗೆಯ ಗೋಡೆ ಸೇರುವ ಜಾಗ ಪಿಲ್ಲರಿನಲ್ಲೇ ಬರುವಂತೆ ನೋಡಿಕೊಂಡೆ. ಅಲ್ಲಿ ಜಾಲರಿ ಬಡಿದು ಪ್ಲಾಸ್ಟರ್ ಮಾಡಿದರೆ ಬಿರುಕು ಬಿಡುವುದಿಲ್ಲ.

ನೆರಳು ಅಂದರೆ ಎಲ್ಲ ಕಡೆ ಎರಡಡಿ ಸಜ್ಜ ಅಂತ ಅಲ್ಲ. ದಕ್ಷಿಣಕ್ಕೆ ಎರಡಡಿ ಸಜ್ಜ ಸಾಕು. ಡಿಸೆಂಬರ್‌ನಲ್ಲೂ ಮಧ್ಯಾಹ್ನದ ಸೂರ್ಯ 54 ಡಿಗ್ರಿ ಮೇಲಿರುತ್ತಾನೆ, ನಾಲ್ಕಡಿ ಕಿಟಕಿಯ ಮುಕ್ಕಾಲು ಪಾಲಿಗೆ ಹತ್ತಿರ ನೆರಳು ಬರುತ್ತದೆ. ಪಶ್ಚಿಮದಲ್ಲಿ ಅದೇ ಸಜ್ಜ ಏನೂ ಮಾಡುವುದಿಲ್ಲ. ಸಂಜೆ ಬಿಸಿಲು ಅದರ ಕೆಳಗಿನಿಂದ ನುಗ್ಗುತ್ತದೆ. ಅಲ್ಲಿ ಹೊರಗಡೆ ಮುಚ್ಚುವ ಮರದ ಪಟ್ಟಿ ಬಾಗಿಲೇ ಬೇಕು. ಒಳಗಿನ ಪರದೆ ಹಾಕಿದರೆ ಬಿಸಿ ಆಗಲೇ ಒಳಗೆ ಬಂದಾಗಿರುತ್ತದೆ.

ವಾಸ್ತುವಿನ ಮಾತು ಇಲ್ಲಿ ಬರಲೇಬೇಕು. ಯಜಮಾನರ ಮಲಗುವ ಕೋಣೆ ನೈಋತ್ಯದಲ್ಲೇ ಇರಬೇಕು ಅಂತ ಅಮ್ಮನ ಮಾತು. ಸಂಜೆ ಇಡೀ ಮನೆಯಲ್ಲಿ ಹೆಚ್ಚು ಕಾದಿರುವ ಮೂಲೆ ಅದೇ. ಅಮ್ಮನ ಜೊತೆ ವಾದ ಮಾಡಲಿಲ್ಲ. ಆ ಕೋಣೆಯ ಪಶ್ಚಿಮದ ಗೋಡೆಗೆ ಉದ್ದಕ್ಕೂ ವಾರ್ಡ್‌ರೋಬ್ ಮತ್ತು ಬಾತ್‌ರೂಮ್ ತಂದೆ. ಮಲಗುವ ಜಾಗಕ್ಕೂ ಆ ಗೋಡೆಗೂ ನಡುವೆ ಅವೇ ತಡೆಯಾದವು. ಕಿಟಕಿಯನ್ನು ದಕ್ಷಿಣಕ್ಕೆ ಕೊಟ್ಟೆ. ಅಮ್ಮನಿಗೆ ಮೇಲಿನ ಹಾಲ್‌ನಿಂದ ಚಾಮುಂಡಿ ಬೆಟ್ಟ ಕಾಣಬೇಕು ಅನ್ನುವ ಆಸೆಯೂ ಇತ್ತು. ನಮ್ಮ ಕಡೆಯಿಂದ ಬೆಟ್ಟ ಪೂರ್ವಕ್ಕಿದೆ. ಪೂರ್ವದ ಗುಣಕ 1.155, ಪಶ್ಚಿಮದಷ್ಟೇ. ಆದರೂ ಆ ದೊಡ್ಡ ಕಿಟಕಿ ಇಟ್ಟೆ, ಮುಂದೆ ಆರಡಿ ಬಾಲ್ಕನಿ ಬಿಟ್ಟು. ಬೇರೆ ಕಡೆ ಉಳಿಸಿದ್ದನ್ನು ಇಲ್ಲಿ ಖರ್ಚು ಮಾಡಿದೆ. ಒಂದೊಂದು ಕಿಟಕಿಗೂ ಪ್ರತ್ಯೇಕ ಮಿತಿ ಹಾಕುವ ನಿಯಮ ಆಗಿದ್ದರೆ ಇದು ಆಗುತ್ತಿರಲಿಲ್ಲ.

ಕಪ್ಪು ಗಾಜು ಹಾಕಿಬಿಡಿ ಅಂತ ಸಲಹೆ ಕೊಟ್ಟವರೂ ಇದ್ದರು. ಸಂಹಿತೆ ಅದಕ್ಕೂ ಗಡಿ ಇಟ್ಟಿದೆ. ಕಿಟಕಿಯ ಪಾಲು ಶೇ. 30ರ ಒಳಗಿದ್ದರೆ ಗಾಜಿನಿಂದ ಕನಿಷ್ಠ ಶೇ. 27 ಬೆಳಕು ಒಳಗೆ ಬರಲೇಬೇಕು. ಹಗಲಲ್ಲೇ ಲೈಟ್ ಹಾಕಿಕೊಂಡು ಕೂರುವ ಮನೆಯಲ್ಲಿ ಉಳಿತಾಯ ಎಲ್ಲಿಂದ ಬರಬೇಕು?

ನಮ್ಮ ಊರಿನಲ್ಲಿ ಹೆಚ್ಚು ಜನ ಎಡವುವುದು ಗಾಳಿಯ ಲೆಕ್ಕದಲ್ಲಿ. ನೆಲದ ವಿಸ್ತೀರ್ಣದಲ್ಲಿ ಶೇ. 12.5ರಷ್ಟು ತೆರೆಯುವ ಕಿಟಕಿ–ಬಾಗಿಲು ಇರಬೇಕು. ಬಿಸಿ–ತೇವದ ಹವೆಗೆ ಶೇ. 16.66. ಲೆಕ್ಕಕ್ಕೆ ಬರುವುದು ಕಿಟಕಿಯ ಅಳತೆ ಅಲ್ಲ, ನಿಜವಾಗಿ ತೆರೆದುಕೊಳ್ಳುವ ಜಾಗ. ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ಬಾಗಿಲಿನ ಹಾಗೆ ತೆರೆಯುವ ಕಿಟಕಿಗೆ ಶೇ. 90 ಸಿಗುತ್ತದೆ. ಈಗ ಎಲ್ಲರೂ ಯುಪಿವಿಸಿ ಸ್ಲೈಡಿಂಗ್ ಹಾಕಿಸುತ್ತಾರೆ, ನೋಡಲು ಚಂದ, ಸೊಳ್ಳೆ ಪರದೆ ಕೂರಿಸುವುದು ಸುಲಭ. ಆದರೆ ರಾತ್ರಿಯ ತಂಪು ಗಾಳಿಯ ಅರ್ಧವನ್ನು ಹೊರಗೇ ನಿಲ್ಲಿಸುತ್ತದೆ. ಮೈಸೂರಿನ ರಾತ್ರಿ ಬೇಸಿಗೆಯಲ್ಲೂ ತಣ್ಣಗಾಗುತ್ತದೆ. ಅದು ನಮಗೆ ಪುಕ್ಕಟೆ ಸಿಗುವ ಎಸಿ. ನಾನು ಎಲ್ಲ ಕಡೆ ಹೊರಗೆ ತೆರೆಯುವ ಕಿಟಕಿ, ಒಳಗೆ ತೆಗೆಯಬಹುದಾದ ಸೊಳ್ಳೆ ಪರದೆ ಇಟ್ಟೆ. 150 ಚದರ ಮೀಟರ್ ನೆಲಕ್ಕೆ 25 ಚದರ ಮೀಟರ್ ತೆರೆದ ಜಾಗ ಬಂದು, ಕಠಿಣವಾದ ಮಿತಿಯೂ ಮುಟ್ಟಿತು.

ಉಳಿದದ್ದು ಸುಲಭ. ಎಲ್ಲ ಫ್ಯಾನು ಬಿಎಲ್‌ಡಿಸಿ, 30 ವ್ಯಾಟಿನ ಆಸುಪಾಸಿನವು. ಹಳೆಯವು 75 ವ್ಯಾಟ್ ತಿನ್ನುತ್ತಿದ್ದವು. ತಾರಸಿಗೆ 3 ಕಿಲೋವ್ಯಾಟ್ ಪ್ಯಾನೆಲ್, ಅದಕ್ಕೆ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಇದೆ. ಪ್ಯಾನೆಲ್ ಹಾಕಿಸಿದರೆ ಮನೆ ತಂಪಾಗಿಸುವ ಗೋಜು ಯಾಕೆ ಅಂತ ಕೆಲವರು ಕೇಳುತ್ತಾರೆ. ಕಾದ ಮನೆಯಲ್ಲಿ ಎಸಿ ಓಡುವುದು ರಾತ್ರಿ. ಆಗ ಪ್ಯಾನೆಲ್ ಮಲಗಿರುತ್ತದೆ.

ಈಗ ನನ್ನ ಬಳಿ ಪ್ಲಾನ್‌ಗೆ ಬರುವವರಿಗೂ ಇದೇ ಎಕ್ಸೆಲ್ ತೆರೆದು ತೋರಿಸುತ್ತೇನೆ. ಮಂಡ್ಯದವರೊಬ್ಬರ 30x40 ಮನೆಗೆ ಈಚೆಗೆ ಹಾಕಿದೆ. ಬಜೆಟ್ ಬಿಗಿ ಇತ್ತು. ಗೋಡೆಗೆ ಸಾಲಿಡ್ ಬ್ಲಾಕ್ ಹಾಗೇ ಇರಲಿ, ತಾರಸಿಗೆ ಎಕ್ಸ್‌ಪಿಎಸ್, ಪಶ್ಚಿಮದಲ್ಲಿ ಕಿಟಕಿಯೇ ಬೇಡ, ಉಳಿದವಕ್ಕೆ ಸಜ್ಜ ಅಂತ ನಿಂತೆವು. ಹಿತವಾದ ಹವೆಯ ಲೆಕ್ಕದಲ್ಲಿ ಪಾಸು, ಕಠಿಣವಾದದ್ದರಲ್ಲಿ ಇಲ್ಲ. ಪಶ್ಚಿಮದ ಗೋಡೆಯೊಂದನ್ನಾದರೂ ಎಎಸಿ ಮಾಡೋಣ ಅಂತ ಅವರ ಮನೆಯವರು ಈಗ ರೇಟು ವಿಚಾರಿಸುತ್ತಿದ್ದಾರೆ. ಗೋಡೆ ಎತ್ತುವುದು ಮುಂದಿನ ತಿಂಗಳು.