ಪಿಸ್ತಾ ಹಸಿರು ಗೋಡೆಗೆ ಕೊನೆಗೂ ಹೊಂದಿದ ಸೋಫಾ ಬಣ್ಣ

ಮೈಸೂರಿನ ನಮ್ಮ ಮನೆ ಹಾಲ್‌ಗೆ ತಿಳಿ ಪಿಸ್ತಾ ಹಸಿರು ಬಳಿಸಿದ್ದೆವು, ನೆಲ ಹಳೇ ರೆಡ್ ಆಕ್ಸೈಡ್. ಸೋಫಾಗೆ ಬೂದು ಬಣ್ಣ ಎಲ್ಲಕ್ಕೂ ಹೊಂದುತ್ತೆ ಅಂತ ಅಂಗಡಿಯವರು ಹೇಳಿದರು. ಸದ್ಯ, ಮುಂಗಡ ಕೊಡುವ ಮೊದಲು ಬಟ್ಟೆಯ ತುಂಡು ಕೇಳಿ ತಂದೆ. ಗೋಡೆಗೆ ಟೇಪ್‌ನಲ್ಲಿ ಅಂಟಿಸಿ ನೋಡಿದರೆ, ಅಂಗಡಿಯಲ್ಲಿ ಬೆಚ್ಚಗೆ ಕಂಡಿದ್ದ ಬೂದು ನಮ್ಮನೆಯಲ್ಲಿ ನೀಲಿ ಹೊಡೆಯುತ್ತಿತ್ತು! ನಮ್ಮ ಕಿಟಕಿ ಉತ್ತರಕ್ಕಿದೆ. ನೇರ ಬಿಸಿಲು ಕಮ್ಮಿ, ಆಕಾಶದ ನೀಲಿ ಛಾಯೆಯ ಬೆಳಕೇ ಜಾಸ್ತಿ. ರಾತ್ರಿ ನೋಡಿದರೆ 6500 ಕೆಲ್ವಿನ್ ಎಲ್‌ಇಡಿ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಕಮ್ಮಿಯಾದಷ್ಟೂ ಹಳದಿ, ಜಾಸ್ತಿಯಾದಷ್ಟೂ ನೀಲಿ), ಅದೂ ತಣ್ಣನೆಯ ಬಿಳಿಯೇ ಅಲ್ವಾ.

ಆಮೇಲೆ ಇನ್ನೂ ಮೂರು ತುಂಡು ತಂದೆ. ಇಟ್ಟಿಗೆ ಕೆಂಪಿನ ತುಂಡು ನೆಲದ ಬಣ್ಣದಲ್ಲೇ ಕರಗಿಹೋಯಿತು. ಸಾಸಿವೆ ಹಳದಿ ಅಂಗೈಯಗಲದ ತುಂಡಿನಲ್ಲಿ ತುಂಬಾ ಚೆಂದ ಇತ್ತು, ಆದರೆ ಅದೇ ಬಣ್ಣದ ಬೆಡ್‌ಶೀಟನ್ನು ಹಳೇ ಸೋಫಾ ಮೇಲೆ ಎರಡು ದಿನ ಹೊದಿಸಿಟ್ಟಾಗ ಕಣ್ಣಿಗೆ ಹೊಡೆಯತೊಡಗಿತು. ಕೊನೆಗೆ ಒಂಟೆ ಬಣ್ಣದ ಕಂದು ಆರಿಸಿದೆ, ಸಾಸಿವೆ ಎರಡು ದಿಂಬಿಗೆ ಸಾಕಾಯಿತು. ಬಲ್ಬನ್ನೂ ಬದಲಾಯಿಸಿದೆ. 3000 ಕೆಲ್ವಿನ್ ಹಾಕಿದರೆ ಪಿಸ್ತಾ ಹಳದಿಗೆ ತಿರುಗಿತು, 4000 ಸರಿಹೋಯಿತು. ಈಗ ಸಂಜೆ ದೀಪ ಹಾಕಿದರೂ ಗೋಡೆ ಹಸಿರಾಗೇ ಉಳಿಯುತ್ತದೆ.