ಪಿಕಪ್ಪಿಗೆ ಒಬಿಡಿ ಮಾನಿಟರು: ಮೈಲೇಜು ನೋಡಲು ಕೊಂಡರೆ ದಂಡ

ಸ್ಟೇರಿಂಗ್ ಕೆಳಗೆ, ಕ್ಲಚ್ ಪೆಡಲಿನ ಮೇಲ್ಭಾಗದಲ್ಲಿ ಕೈಯಾಡಿಸಿದರೆ 16 ಪಿನ್ನಿನ ಒಬಿಡಿ, ಅಂದರೆ ಗಾಡಿಯ ಸ್ವಯಂ ತಪಾಸಣೆಯ, ಸಾಕೆಟ್ ಸಿಗುತ್ತದೆ. ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಚುಚ್ಚುವುದು ಅದಕ್ಕೇ. ಅಲ್ಲಿಗೆ ಒಂದು ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಮೊಬೈಲಿನಲ್ಲಿ ಟಾರ್ಕ್ ಪ್ರೊ ಅಥವಾ ಕಾರ್ ಸ್ಕ್ಯಾನರ್ ಆಪ್ ಹಾಕಿಕೊಂಡರೆ ಇಂಜಿನ್ ಕಂಪ್ಯೂಟರಿನ ಲೆಕ್ಕ ನಮಗೂ ಕಾಣುತ್ತದೆ. ಅಮೆರಿಕದಲ್ಲಿ ಪಿಕಪ್ಪಿನವರು ಸ್ಕ್ಯಾನ್‌ಗೇಜ್‌ನಂಥ ಪ್ರತ್ಯೇಕ ಪರದೆಯ ಮಾನಿಟರು ಕೊಳ್ಳುತ್ತಾರೆ. ನಮಗೆ ಮೊಬೈಲೇ ಸಾಕು. ಲೋಡು ಹೊತ್ತು ಘಾಟಿ ಹತ್ತಿಳಿಯುವ ಬಿಎಸ್ 6 ಡೀಸೆಲ್ ಪಿಕಪ್ಪಿನಲ್ಲಿ ನಾನು ಇದನ್ನು ಬಳಸುವ ಕ್ರಮ ಇಲ್ಲಿದೆ. ಮೆಕ್ಯಾನಿಕಲ್ ಡೀಸೆಲ್ ಪಂಪಿನ ಹಳೆಯ ಗಾಡಿ ಇಟ್ಟುಕೊಂಡವರಿಗೆ ಇದು ಬೇಡ. ಅಲ್ಲಿ ಪ್ರಶ್ನೆ ಕೇಳಿದರೆ ಉತ್ತರಿಸಲು ಕಂಪ್ಯೂಟರೇ ಇಲ್ಲ.

ಅಡಾಪ್ಟರಿನಲ್ಲಿ ಎಡವುವವರೇ ಹೆಚ್ಚು. ಕೆಲವೇ ನೂರು ರೂಪಾಯಿಗೆ ಸಿಗುವವೆಲ್ಲ, ಗಾಡಿಯ ಕಂಪ್ಯೂಟರಿನೊಡನೆ ಮಾತಾಡುವ ಇಎಲ್‌ಎಂ 327 ಚಿಪ್ಪಿನ ನಕಲುಗಳು. ‘ವರ್ಷನ್ 2.1’ ಎಂದು ಬರೆದದ್ದು ಹೊಸದಿರಬೇಕು ಎಂದುಕೊಂಡು ಕೊಂಡರೆ ಕೆಟ್ಟಿರಿ: ಅವುಗಳಲ್ಲಿ ಬಹುಪಾಲು ಅರ್ಧ ಆಜ್ಞೆಗಳಿಗೆ ಓಗೊಡುವುದಿಲ್ಲ. ‘1.5’ ಎಂದಿರುವವು ಸಾಮಾನ್ಯವಾಗಿ ವಾಸಿ. ತಮಾಷೆಯೆಂದರೆ ಮೂಲ ಕಂಪನಿ 1.5 ಎಂಬ ವರ್ಷನ್ ತಂದೇ ಇರಲಿಲ್ಲ. ಐಫೋನ್ ಇದ್ದವರು ಬ್ಲೂಟೂತ್ 4.0 ಇರುವುದನ್ನೇ ಕೇಳಿ ಕೊಳ್ಳಬೇಕು, ಹಳೆಯ ಬ್ಲೂಟೂತಿನ ಅಡಾಪ್ಟರನ್ನು ಅದು ಹಿಡಿಯುವುದಿಲ್ಲ.

ಅಡಾಪ್ಟರನ್ನು ನೇರ ಸಾಕೆಟ್ಟಿಗೇ ಸಿಕ್ಕಿಸಿದರೆ ಮೊಣಕಾಲು ತಾಗಿ ಪಿನ್ನು ಸಡಿಲವಾಗುತ್ತದೆ, ಆಮೇಲೆ ಗುಂಡಿ ಹಾರಿದಾಗಲೆಲ್ಲ ಸಂಪರ್ಕ ತಪ್ಪುತ್ತದೆ. ಅಡ್ಡತಲೆಯ 30 ಸೆಂಟಿಮೀಟರ್ ಚಪ್ಪಟೆ ಎಕ್ಸ್‌ಟೆನ್ಷನ್ ವೈರು ಹಾಕಿ, ಡ್ಯಾಶ್‌ಬೋರ್ಡಿನ ಕೆಳಗೆ ಎರಡು ಕೇಬಲ್ ಟೈಯಿಂದ ಬಿಗಿದು, ಕ್ಲಚ್ಚನ್ನು ಪೂರ್ತಿ ತುಳಿದು ನೋಡಿ. ಪೆಡಲಿನ ದಾರಿಗೆ ವೈರು ಬರಲೇಬಾರದು.

ಪರದೆಯಲ್ಲಿ ನಾಲ್ಕೇ ಅಂಕಿ ಇಡಿ: ಕೂಲೆಂಟ್ (ಇಂಜಿನ್ ತಣಿಸುವ ನೀರು) ಬಿಸಿ, ಮ್ಯಾನಿಫೋಲ್ಡ್ ಒತ್ತಡ (ಇಂಜಿನ್ನಿಗೆ ಹೋಗುವ ಗಾಳಿಯದ್ದು), ವೋಲ್ಟೇಜು, ಇಂಜಿನ್ ಲೋಡು (ಇಂಜಿನ್ ಎಷ್ಟು ದುಡಿಯುತ್ತಿದೆ ಎಂಬುದು). ಅಡಾಪ್ಟರ್ ಸಾಮಾನ್ಯವಾಗಿ ಒಂದೊಂದೇ ಪ್ರಶ್ನೆ ಕೇಳಿ ಉತ್ತರ ತರುತ್ತದೆ. ಹನ್ನೆರಡು ಮೀಟರು ಪೇರಿಸಿದರೆ ಎಲ್ಲವೂ ತಡವಾಗಿ ಕುಂಟುತ್ತವೆ.

ಕೊಟ್ಟ ದುಡ್ಡು ದುಡಿಯುವುದು ಕೂಲೆಂಟಿನ ಅಂಕಿಯಲ್ಲಿ. ಅನೇಕ ಗಾಡಿಗಳ ಡ್ಯಾಶ್‌ಬೋರ್ಡಿನ ಮುಳ್ಳು 80 ಡಿಗ್ರಿಗೂ ಮಧ್ಯದಲ್ಲೇ, 100ಕ್ಕೂ ಮಧ್ಯದಲ್ಲೇ. ಅದನ್ನು ಹಾಗೆಯೇ ಮಾಡಿರುತ್ತಾರೆ. ಮುಳ್ಳು ಅಲ್ಲಾಡುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಸಮತಟ್ಟಿನಲ್ಲಿ 85ರಿಂದ 95 ಇರುವ ಅಂಕಿ, ಲೋಡಿನಲ್ಲಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಎರಡನೇ ಗೇರಿನಲ್ಲಿ ಹತ್ತುವಾಗ 100 ಮುಟ್ಟಿದರೆ ಹೆದರಬೇಕಿಲ್ಲ. ಆಪಿನಲ್ಲಿ 105ಕ್ಕೆ ಅಲಾರಂ ಇಡಿ. ಕೂಗಿತೆಂದರೆ ಎಸಿ ಆಫ್, ಹೀಟರ್ ಪೂರ್ತಿ ಆನ್, ಒಂದು ಗೇರು ಇಳಿಸಿ ಆಕ್ಸಿಲರೇಟರ್ ಸಡಿಲ. 110 ದಾಟಿದರೆ ಬದಿಗೆ ಹಾಕಿ, ಇಂಜಿನ್ ಐಡಲಿನಲ್ಲೇ ಓಡುತ್ತಿರಲಿ, ನೀರು ಸುತ್ತುತ್ತಿರಬೇಕು. ನೀರೇ ಸೋರಿಹೋಗಿದ್ದರೆ ಮಾತ್ರ ಕೂಡಲೇ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ಮುಟ್ಟಬೇಡಿ.

ಇಲ್ಲೊಂದು ಮೋಸವಿದೆ. ಸೆನ್ಸರು ನೀರಿನಲ್ಲಿ ಮುಳುಗಿದ್ದರಷ್ಟೇ ಸತ್ಯ ಹೇಳುತ್ತದೆ. ಹೋಸು ಒಡೆದು ಕೂಲೆಂಟ್ ಖಾಲಿಯಾದರೆ ಅದು ಗಾಳಿಯ ಬಿಸಿ ಅಳೆಯುತ್ತಾ, 100ರಲ್ಲಿದ್ದ ಅಂಕಿ ಏರುವ ಬದಲು ದಿಢೀರನೆ ಇಳಿಯಬಹುದು. ಏರುದಾರಿಯಲ್ಲಿ ಕಾರಣವಿಲ್ಲದೆ ಬಿಸಿ ಇಳಿದರೆ ಸಂತೋಷಪಡದೆ ಗಾಡಿ ನಿಲ್ಲಿಸಿ ಬಾನೆಟ್ ಕೆಳಗೆ ನೋಡಿ.

ಇನ್ನು ಟರ್ಬೊ. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದಾಗ ಮ್ಯಾನಿಫೋಲ್ಡ್ ಒತ್ತಡ ಹೊರಗಿನ ಗಾಳಿಯಷ್ಟೇ ಇರಬೇಕು: ಮಂಗಳೂರಿನಲ್ಲಿ 101 ಕಿಲೊಪಾಸ್ಕಲ್ ಹತ್ತಿರ, ಬೆಂಗಳೂರಿನಲ್ಲಿ 91ರ ಆಸುಪಾಸು. ಇದು ತಪ್ಪಿದ್ದರೆ ಸೆನ್ಸರನ್ನೇ ಅನುಮಾನಿಸಿ. ಓಡುವಾಗಿನ ಅಂಕಿಯಿಂದ ಇದನ್ನು ಕಳೆದರೆ ಬೂಸ್ಟ್, ಅಂದರೆ ಟರ್ಬೊ ಹೆಚ್ಚುವರಿಯಾಗಿ ತುಂಬುವ ಗಾಳಿಯ ಒತ್ತಡ. ಒಂದೇ ಏರು, ಒಂದೇ ಗೇರು, ಸುಮಾರು ಒಂದೇ ಲೋಡು ಇಟ್ಟು, ಗಾಡಿ ಚೆನ್ನಾಗಿದ್ದಾಗಿನ ಗರಿಷ್ಠ ಅಂಕಿ ಬರೆದಿಟ್ಟುಕೊಳ್ಳಿ. ಆಗ 220 ಕೊಡುತ್ತಿದ್ದದ್ದು ಈಗ 170ಕ್ಕೇ ನಿಂತು ಹೊಗೆ ಕಪ್ಪಾದರೆ ಮೊದಲು ನೋಡಬೇಕಾದ್ದು ಟರ್ಬೊ ಅಲ್ಲ, ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ಹೋಸಿನ ಕ್ಲ್ಯಾಂಪು. ಕೀಲಿನ ಸುತ್ತ ಎಣ್ಣೆಯ ಪಸೆ ಕಂಡರೆ ಗಾಳಿ ಸೋರುತ್ತಿರುವುದು ಬಹುತೇಕ ಅಲ್ಲೇ. ಬೂಸ್ಟ್ ಕಡಿಮೆ ಎನ್ನುವ ಪಿ 0299 ಎಂಬ ಕೋಡು ಬರುವುದು ಇದಾದ ಎಷ್ಟೋ ದಿನಕ್ಕೆ. ಅಂಕಿ ಸರಿಯಾಗಿ 255ಕ್ಕೆ ಬಂದು ನಿಂತರೆ ಗಾಬರಿ ಬೇಡ, ಈ ಮಾಮೂಲಿ ಪಿಐಡಿಗೆ (ಒಂದೊಂದು ಅಂಕಿ ಕೇಳಲು ಇರುವ ಸಂಕೇತ) ಅದಕ್ಕಿಂತ ಮೇಲೆ ಎಣಿಸಲು ಬರುವುದಿಲ್ಲ.

ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರು, ಇರುವ ಗಾಡಿಗಾದರೆ ಮಾನಿಟರು ಬೇಕೇ ಬೇಕು ಎನ್ನುತ್ತೇನೆ. ಮಸಿ ಸುಡಲು ಕಂಪ್ಯೂಟರು ಹೆಚ್ಚುವರಿ ಡೀಸೆಲ್ ಬಿಟ್ಟು ಫಿಲ್ಟರಿನ ಬಿಸಿಯನ್ನು 600 ಡಿಗ್ರಿಯ ಹತ್ತಿರಕ್ಕೆ ಒಯ್ಯುತ್ತದೆ. ಮಾರ್ಕೆಟ್ಟಿಗೂ ಗೋಡೌನಿಗೂ ನಡುವೆ ಸಣ್ಣ ಟ್ರಿಪ್ಪು ಹೊಡೆಯುವವರು ಅರ್ಧದಲ್ಲೇ ಕೀ ತಿರುಗಿಸುತ್ತಾರೆ. ಮಸಿ ಉಳಿಯಿತು, ಸುಡದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ಲಿಗೆ ಸೇರಿತು. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಮೇಲಿನ ಗೆರೆ ದಾಟಿದ್ದರೆ ಕಾರಣ ಇದೇ ಇರಬಹುದು, ಆಯಿಲ್ ಬದಲಿಸಲೇಬೇಕು. ಎಕ್ಸಾಸ್ಟ್ ಬಿಸಿಯನ್ನು ಕೆಲವು ಗಾಡಿ ನೇರ ಕೊಡುತ್ತವೆ. ಮಸಿಯ ಪ್ರಮಾಣ ಮಾತ್ರ ತಯಾರಕರ ಗುಟ್ಟಿನ ಪಿಐಡಿಯಲ್ಲಿರುತ್ತದೆ, ಕಾರ್ ಸ್ಕ್ಯಾನರಿನಲ್ಲಿ ನಿಮ್ಮ ಮಾಡೆಲ್ಲಿನ ಪ್ರೊಫೈಲ್ ಆರಿಸಿ ಹುಡುಕಬೇಕು. ಸಿಗದಿದ್ದರೆ ಮಸಿ ಸುಡುತ್ತಿರುವುದರ ಗುರುತು ಹೀಗೆ: ನಿಂತಾಗ ಐಡಲ್ ಎಂದಿಗಿಂತ ಮೇಲೆ, ಇಂಜಿನ್ ಲೋಡಿನ ಅಂಕಿ ಹೆಚ್ಚು, ಫ್ಯಾನು ಬಿಡದೆ ತಿರುಗುವುದು, ಸುಟ್ಟ ವಾಸನೆ. ಇದು ಕಂಡರೆ ಮನೆಗೆ ತಿರುಗಬೇಡಿ, ಹೈವೇಯಲ್ಲಿ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ. ಕೂಲೆಂಟ್ ಹೈವೇಯಲ್ಲೂ 70 ದಾಟದಿದ್ದರೆ ಕೂಲೆಂಟಿನ ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟ್ ಬಹುಶಃ ತೆರೆದೇ ಸಿಕ್ಕಿಕೊಂಡಿದೆ. ಇಂಜಿನ್ ಕಾಯದಿದ್ದರೆ ಎಷ್ಟೋ ಗಾಡಿಗಳಲ್ಲಿ ಸುಡುವ ಕೆಲಸ ಶುರುವೇ ಆಗದು. ಅಂಥಲ್ಲಿ ಡಿಪಿಎಫ್ ಬಿಚ್ಚಿಸುವ ಮೊದಲು ಥರ್ಮೋಸ್ಟಾಟ್ ಬದಲಿಸಿ.

ಮೈಲೇಜಿಗೆ ಬರೋಣ, ಎಲ್ಲರೂ ಕೊಳ್ಳುವುದು ಅದಕ್ಕೇ ತಾನೇ. ಎಷ್ಟೋ ಸಲ ಆಪು ಒಳಗೆ ಹೋದ ಗಾಳಿಯನ್ನು ಅಳೆದು ಪೆಟ್ರೋಲಿನ 14.7ಕ್ಕೆ 1 ಎಂಬ ಅನುಪಾತದಲ್ಲಿ ಇಂಧನ ಊಹಿಸುತ್ತದೆ. ಡೀಸೆಲ್ ಇಂಜಿನ್ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಗಾಳಿ ಎಳೆಯುತ್ತದೆ, ಅದರಲ್ಲೂ ಐಡಲಿನಲ್ಲಿ. ಹಾಗಾಗಿ ಕುಡಿಯದ ಡೀಸೆಲ್ಲನ್ನೂ ಕುಡಿದಂತೆ ತೋರಿಸುತ್ತದೆ. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಆಪು 40 ಲೀಟರ್ ಎಂದು, ಬಂಕಿನಲ್ಲಿ 34 ಹಿಡಿಸಿದರೆ ಗುಣಕ 0.85 ಎಂದು ಹಾಕಬಹುದು. ಆದರೆ ಖಾಲಿ ಗಾಡಿಗೆ ಒಂದು ಗುಣಕ, ಲೋಡಿಗೆ ಇನ್ನೊಂದು. ನಾನು ಬಂಕಿನ ಬಿಲ್ಲನ್ನೇ ನಂಬುತ್ತೇನೆ.

ಸಾಕೆಟ್ಟಿನ 16ನೇ ಪಿನ್ನು ಕೀ ತೆಗೆದರೂ ಜೀವಂತ. ಅಡಾಪ್ಟರ್ 50 ಮಿಲಿಆಂಪ್ ಎಳೆದರೂ ದಿನಕ್ಕೆ 1.2, ಹದಿನೈದು ದಿನಕ್ಕೆ 18 ಆಂಪಿಯರ್-ಅವರ್. 70ರ ಹಳೆಯ ಬ್ಯಾಟರಿಗೆ ಇಷ್ಟು ಸಾಕು ಸೆಲ್ಫ್ ಹೊಡೆಯದಿರಲು. ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸುವಾಗ ಕಿತ್ತಿಡಿ.

ಚೆಕ್ ಇಂಜಿನ್ ಲೈಟು ಬಂದರೆ ಆಪಿನ ‘ಕ್ಲಿಯರ್’ ಬಟನ್ ಒತ್ತುವ ಚಪಲ ಬೇಡ. ಕೋಡಿನ ಜೊತೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. ತೊಂದರೆ ಆದ ಆ ಕ್ಷಣದ ಆರ್‌ಪಿಎಂ, ಬಿಸಿ, ಲೋಡು ಅದರಲ್ಲೇ ಇರುವುದು. ಮೊದಲು ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆದು, ಅಡಾಪ್ಟರ್ ಬಿಚ್ಚಿಟ್ಟು, ಆಮೇಲೆ ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಬಿಡಿ.