ಬೆಂಗಳೂರು ಬಿಡುವ ಮುಂಚೆ: ನಿಮಗೆ ಒಗ್ಗುವ ಊರು ಹುಡುಕೋದು ಹೇಗೆ

ಬೆಂಗಳೂರು ಸಾಕು, ಒಳ್ಳೆ ಗಾಳಿ ನೀರು ಇರುವ ಸಣ್ಣ ಊರಿಗೆ ಹೋಗಿಬಿಡೋಣ ಅನ್ನುವವರು ಈಗ ಎಲ್ಲ ಕಡೆ ಸಿಗುತ್ತಾರೆ. ಅದರಲ್ಲಿ ಸುಮಾರು ಜನ ಇನ್ನೊಂದು ಮಾತೂ ಸೇರಿಸುತ್ತಾರೆ: ಅಲ್ಲಿ ನಮ್ಮ ಥರ ಯೋಚನೆ ಮಾಡುವವರು ಇರಬೇಕು. ಎರಡೂ ನ್ಯಾಯವಾದ ಆಸೆಯೇ. ಆದರೆ ಅವೆರಡೂ ಜೊತೆಯಾಗಿ ಸಿಗುತ್ತವೆ ಅಂತ ಲೆಕ್ಕ ಹಾಕಬೇಡಿ. ಸಾವಯವ ಅಂಗಡಿಗೆ ದೇಸಿ ಹಸು, ಆಯುರ್ವೇದ ಅನ್ನುವವರೂ ಬರುತ್ತಾರೆ, ಹಸಿರು ಶಾಲಿನ ರೈತ ಸಂಘದವರೂ ಬರುತ್ತಾರೆ, ಇಬ್ಬರೂ ಅದೇ ಚೀಲದಿಂದ ನವಣೆ ತೂಗಿಸಿಕೊಂಡು ಹೋಗುತ್ತಾರೆ. ಅಂಗಡಿ ನೋಡಿ ಊರಿನ ರಾಜಕೀಯ ಗೊತ್ತಾಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು.

ಉದಾಹರಣೆಗೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕನ್ನು ತೆಗೆದುಕೊಳ್ಳೋಣ, ಯಾಕೆಂದರೆ ಇಂಥ ಊರು ಹುಡುಕುವವರ ಬಾಯಲ್ಲಿ ಅಲ್ಲಿನ ಹೆಗ್ಗೋಡು ಬಂದೇ ಬರುತ್ತದೆ. ಬರದೆ ಏನು. 1949ರಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ ಇದೆ, ಕೈಮಗ್ಗದ ಬಟ್ಟೆ ಮಾಡುವ ಚರಕ ಇದೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿದಾಗ ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದು ಇದೇ ನೆಲದಲ್ಲಿ, ಮರುವರ್ಷ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದು ಹೋಗಿದ್ದೂ ಇಲ್ಲಿಂದಲೇ. ಇದನ್ನೆಲ್ಲ ಕೇಳಿದರೆ ಊರಿಗೆ ಊರೇ ಸಮಾಜವಾದಿ ಅನ್ನಿಸುತ್ತದೆ. ಆದರೆ 2018ರಲ್ಲಿ ಸಾಗರ ಕ್ಷೇತ್ರ ಗೆದ್ದಿದ್ದು ಬಿಜೆಪಿ, 2023ರಲ್ಲಿ ಕಾಂಗ್ರೆಸ್. ಹಳೆಯ ಚರಿತ್ರೆ ಚರಿತ್ರೆಯೇ, ಈಗ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಬೇರೆ ವಿಷಯ.

ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಫಾರಂ 20 ನೋಡುವುದು. ಚುನಾವಣೆ ಮುಗಿದ ಮೇಲೆ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ವೋಟು ಬಿತ್ತು ಅನ್ನುವ ಪಟ್ಟಿ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರಲ್ಲಿ ಮತಗಟ್ಟೆಯ ನಂಬರು ಇರುತ್ತದೆ, ಊರಿನ ಹೆಸರಿಗೆ ಮತಗಟ್ಟೆಗಳ ಪಟ್ಟಿ ಬೇರೆ ಇಳಿಸಿಕೊಂಡು ತಾಳೆ ನೋಡಬೇಕು. ಸ್ವಲ್ಪ ತಲೆನೋವಿನ ಕೆಲಸ, ಆದರೆ ಒಂದು ಸಂಜೆ ಕೂತರೆ ಆಗುತ್ತದೆ. ವಿಧಾನಸಭೆ ಮತ್ತು ಲೋಕಸಭೆ, ಎರಡರದ್ದೂ ಇಟ್ಟುಕೊಂಡು ನೋಡಿ, ಯಾಕೆಂದರೆ ಇಲ್ಲಿ ಒಂದು ಪಕ್ಷ, ದಿಲ್ಲಿಗೆ ಇನ್ನೊಂದು ಪಕ್ಷ ಅನ್ನುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮಾತ್ರ ಪಕ್ಷದ ಚಿಹ್ನೆ ಇರುವುದಿಲ್ಲ, ಅಲ್ಲಿ ಯಾರು ಯಾವ ಕಡೆ ಅನ್ನುವುದನ್ನು ಟೀ ಅಂಗಡಿಯಲ್ಲೇ ತಿಳಿದುಕೊಳ್ಳಬೇಕು.

ನನ್ನನ್ನು ಕೇಳಿದರೆ ನೂರಕ್ಕೆ ತೊಂಬತ್ತು ವೋಟು ನಿಮ್ಮ ಪಕ್ಷಕ್ಕೇ ಬಿದ್ದಿರುವ ಊರೂ ಬೇಡ. ಅಂಥ ಕಡೆ ನಿಮ್ಮವರೇ ತಪ್ಪು ಮಾಡಿದಾಗ ಕೇಳುವವರು ಇರುವುದಿಲ್ಲ. ನೋಡಬೇಕಾದ್ದು ಬೇರೆ: ಒಪ್ಪದವರನ್ನು ಈ ಊರು ಹೇಗೆ ನಡೆಸಿಕೊಳ್ಳುತ್ತದೆ? ಇದಕ್ಕೆ ಸುಲಭದ ಪರೀಕ್ಷೆ ಬಾಡಿಗೆ ಮನೆ. ಮನೆ ಕೇಳಿಕೊಂಡು ಹೋಗಿ. ಎಷ್ಟನೇ ಪ್ರಶ್ನೆಗೆ "ನೀವು ಯಾವ ಜನ?" ಅನ್ನುವುದು ಬರುತ್ತದೆ, "ಮೊಟ್ಟೆ ಮಾಂಸ ಇಲ್ಲ ತಾನೇ?" ಎಷ್ಟನೆಯದು ಅಂತ ಗಮನಿಸಿ. ನಿಮಗೆ ಮನೆ ಸಲೀಸಾಗಿ ಸಿಕ್ಕರೆ ಅಷ್ಟಕ್ಕೇ ಖುಷಿಪಡಬೇಡಿ, ಮುಸ್ಲಿಂ ಹೆಸರಿನ ಅಥವಾ ದಲಿತ ಗೆಳೆಯರಿಗೂ ಅದೇ ಬೀದಿಯಲ್ಲಿ ಸಿಗುತ್ತದಾ ಕೇಳಿ ನೋಡಿ. ಆ ಉತ್ತರದಲ್ಲಿ ಗೊತ್ತಾಗುವಷ್ಟು ಫಾರಂ 20ರಲ್ಲೂ ಗೊತ್ತಾಗುವುದಿಲ್ಲ.

ಸಾಹಿತಿಗಳ ಊರು ಅನ್ನುವ ಹೆಸರನ್ನೂ ಪೂರ್ತಿ ನಂಬಬೇಡಿ. ಧಾರವಾಡಕ್ಕಿಂತ ದೊಡ್ಡ ಹೆಸರು ಯಾವ ಊರಿಗಿದೆ? 1890ರ ವಿದ್ಯಾವರ್ಧಕ ಸಂಘ ಇರುವ ಊರದು. ಅಲ್ಲೇ 2015ರ ಆಗಸ್ಟ್ 30ರ ಬೆಳಿಗ್ಗೆ ವಿಚಾರವಾದಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಧಾರವಾಡ ಕೆಟ್ಟ ಊರು ಅಂತಲ್ಲ, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ನಾನೇ ಅದನ್ನು ಮೊದಲು ಹೇಳುತ್ತೇನೆ: ಸತ್ತೂರಿನಲ್ಲಿ ಮೆಡಿಕಲ್ ಕಾಲೇಜು, ಪಕ್ಕದ ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಅನ್ನುತ್ತಿದ್ದ ಸರ್ಕಾರಿ ದೊಡ್ಡಾಸ್ಪತ್ರೆ, ಮನಸ್ಸಿನ ಕಾಯಿಲೆಗೆ ಡಿಮ್ಹಾನ್ಸ್, ಎಲ್ಲ ಕೈಗೆಟಕುವಷ್ಟು ಹತ್ತಿರ.

ಇನ್ನು ಆರೋಗ್ಯ. ಇಲ್ಲಿ ಹಸಿರು ನೋಡಿ ಮರುಳಾಗುವವರೇ ಜಾಸ್ತಿ. ಕುಡಿಯುವ ನೀರಿನಿಂದ ಶುರು ಮಾಡಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳು ಬಹಳ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಆಮೇಲೆ ಮೂಳೆ ಹಾಳಾಗುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನೋಡಲು ಹೋದ ಊರಿನಲ್ಲಿ ಎಲ್ಲರೂ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕಕ್ಕೆ ಹೋಗುತ್ತಿದ್ದರೆ ಯಾಕೆ ಅಂತ ಕೇಳಿ. ಏನೇ ಆಗಲಿ, ಬಾಡಿಗೆಗೆ ನೋಡಿದ ಮನೆಯ ನೀರನ್ನು ಬಾಟಲಿಯಲ್ಲಿ ಹಿಡಿದು ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟುಬಿಡಿ, ಫ್ಲೋರೈಡ್ ಮತ್ತು ನೈಟ್ರೇಟ್ ಎರಡೂ ನೋಡಲು ಹೇಳಿ.

ಮಲೆನಾಡಿನಲ್ಲಿ ಆ ತೊಂದರೆ ಕಡಿಮೆ, ಬೇರೆ ಇದೆ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ 1957ರಲ್ಲಿ, ಸಾಗರದ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಆಸುಪಾಸಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಸಾವುಗಳೇ ಆದವು. ಉಣುಗಿನಿಂದ ಹರಡುವ ಕಾಯಿಲೆ ಇದು, ಡಿಸೆಂಬರಿನಿಂದ ಮೇವರೆಗೆ ಜೋರು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ನಿಲ್ಲಿಸಿದ್ದಾರೆ. ಕಾಡಂಚಿನ ಮನೆ ಬೇಕು, ಬೆಳಿಗ್ಗೆ ಬರಿಗಾಲಲ್ಲಿ ಕಾಡಿನಲ್ಲಿ ನಡೆಯಬೇಕು ಅನ್ನುವ ಕನಸಿದ್ದರೆ ಮೊದಲು ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಮಾತಾಡಿಸಿ. ಕಳೆದ ವರ್ಷ ಎಲ್ಲಿ ಮಂಗ ಸತ್ತು ಬಿದ್ದಿತ್ತು, ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಎಣ್ಣೆ ಯಾವಾಗ ಕೊಡುತ್ತಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಆಮೇಲೆ ಆಸ್ಪತ್ರೆ ದಾರಿ. ಸಾಗರದಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ದೊಡ್ಡದಕ್ಕೆ ಶಿವಮೊಗ್ಗ ಸುಮಾರು 70 ಕಿಲೋಮೀಟರ್, ಇನ್ನೂ ದೊಡ್ಡದಕ್ಕೆ ಘಾಟಿ ಇಳಿದು ಮಣಿಪಾಲ. ಆ ದಾರಿಯನ್ನು ಒಮ್ಮೆ ಮಳೆಯಲ್ಲಿ, ರಾತ್ರಿ ಹೊತ್ತು, ಹೋಗಿ ನೋಡಿ.

ಆರೋಗ್ಯದ ಕಾಳಜಿ ಇರುವ ಜನ ಬೇಕು ಅಂದರೆ ಎಲೆಅಡಿಕೆಯ ಮಾತೂ ಬರುತ್ತದೆ. ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿಯಾಗಿದೆ. ಇದನ್ನು ಸಾಗರದ ಜಗಲಿಯಲ್ಲಿ ಕೂತು ಹೇಳಿ ನೋಡಿ. ಎಡ, ಬಲ, ನಡು ಎಲ್ಲ ಒಂದಾಗಿ ನಿಮ್ಮ ಮೇಲೆ ಬೀಳುತ್ತಾರೆ, ಯಾಕೆಂದರೆ ಮಕ್ಕಳ ಫೀಸು, ಮನೆಯ ಸಾಲ ಎಲ್ಲ ಅಡಿಕೆ ತೋಟದಿಂದಲೇ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಬೀಳುತ್ತಿದ್ದೆ. ಬಯಲುಸೀಮೆಗೆ ಹೋದರೆ ಅಡಿಕೆ ಹೋಗಿ ಗುಟ್ಕಾ ಬರುತ್ತದೆ, ಅಷ್ಟೇ.

ಜಾಗ ಕೊಳ್ಳುವ ಅವಸರ ಬೇಡ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಹಾಗಾಗಿ ಬ್ರೋಕರುಗಳು ಸುಮ್ನೆ ಬಿಡುವುದಿಲ್ಲ. ಮಲೆನಾಡಿನಲ್ಲಿ ಬಗರ್‌ಹುಕುಂ (ಅನುಮತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನು), ಅರಣ್ಯ ಜಮೀನು, ಶರಾವತಿ ಮುಳುಗಡೆಯವರಿಗೆ ಕೊಟ್ಟ ಜಮೀನು ಅಂತ ನೂರೆಂಟು ಕಗ್ಗಂಟು ಇವೆ, ಪಹಣಿ ಒಂದನ್ನೇ ನೋಡಿ ದುಡ್ಡು ಕೊಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆಗೆ ಇದ್ದು ನೋಡಿ. ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಕರೆಂಟು ಹೋದರೆ ಬರುವ ಹೊತ್ತು ಯಾರಿಗೂ ಗೊತ್ತಿಲ್ಲ. ಉಬ್ಬಸ ಇರುವವರು ಮನೆಯಲ್ಲಿದ್ದರೆ ಅಷ್ಟರಲ್ಲೇ ತೀರ್ಮಾನ ಆಗಿಬಿಡುತ್ತದೆ. ಅಕ್ಟೋಬರಿನಲ್ಲಿ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಬಂದು, ಮಾತಿನ ಸುಖದಲ್ಲಿ ಊರನ್ನೇ ಇಷ್ಟಪಟ್ಟು ಹೋಗುವವರು ಇದ್ದಾರೆ. ಶಿಬಿರ ಮುಗಿದ ಮರುವಾರ ಬನ್ನಿ, ಆಗ ಸಿಗುವುದು ಊರು.

ಉಳಿಯುವುದು ಅಂತ ಗಟ್ಟಿಯಾದ ಮೇಲೆ ಫಾರಂ 8 ತುಂಬಿ ವೋಟನ್ನು ಅಲ್ಲಿಗೆ ವರ್ಗ ಮಾಡಿಸಿ. ಬೆಂಗಳೂರಿನಲ್ಲೇ ವೋಟು ಇಟ್ಟುಕೊಂಡು ಹಳ್ಳಿಯ ರಾಜಕೀಯ ಸರಿಯಿಲ್ಲ ಅನ್ನುವವರನ್ನು ಊರಿನವರು ಲೆಕ್ಕಕ್ಕೆ ಇಡುವುದಿಲ್ಲ. ಗ್ರಾಮ ಸಭೆಗೆ ಹೋಗಿ ಕೂರಿ. ಮೊದಲ ಸಲ ಏನೂ ಮಾತಾಡಬೇಡಿ, ಯಾರು ಮಾತಾಡುತ್ತಾರೆ, ಯಾರ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ ಅಂತ ನೋಡಿಕೊಂಡು ಬನ್ನಿ. ಆಮೇಲೆ ನೀರಿನ ರಿಪೋರ್ಟು ಕೈಯಲ್ಲಿ ಹಿಡಿದು ಎದ್ದು ನಿಲ್ಲಬಹುದು.